ಎಪ್ಪತ್ತೊಂದು ಪರ್ಸೆಂಟಿನ ಗುತ್ತೆವ್ವ

1

ಮೊದಲ ವಾಕ್ಯ ಯಾವುದಿರಬೇಕೆಂದು ನೀವೇ ಆರಿಸಿ. ನನ್ನ ಹತ್ತಿರ ಮೂರಿವೆ.

‘ಹಿರೇಬೆಂಡಿಗೇರಿಯ ಗುತ್ತೆವ್ವನನ್ನು ನಾನು ಹುಟ್ಟಿಸಿದ್ದು 1983ರ ಆಗಸ್ಟ್ ತಿಂಗಳ ಒಂದು ಬುಧವಾರ, ಹಾನಗಲ್ಲಿನಲ್ಲಿ, ಊಟದ ಡಬ್ಬಿ ಬಿಚ್ಚುವುದಕ್ಕೆ ಸ್ವಲ್ಪ ಮೊದಲು.’

(ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಗುತ್ತೆವ್ವ ಅದಕ್ಕೂ ಹದಿನೆಂಟು ವರ್ಷ ಮೊದಲೇ ಹುಟ್ಟಿದ್ದಳು. ನನ್ನ ಸಹಾಯವಿಲ್ಲದೆ.)

‘ನಸಗುನ್ನಿ ಎಂಬ ಬಳ್ಳಿಯ ಕಾಯಿಯ ಮೇಲಿನ ಕಂದು ರೋಮ ಮೈಗೆ ತಾಗಿದರೆ ತುರಿಕೆ ತಡೆಯಲಾಗದು, ಒಳಗಿನ ಬೀಜ ಮಾತ್ರ ಔಷಧ.’

(ಇದು ಬಾಟನಿ ನೋಟ್ಸ್. ಬಿ.ಎಸ್ಸಿ. ಮುಗಿದು ಎರಡು ವರ್ಷವಾಯಿತು, ಕೈ ಇನ್ನೂ ಕೇಳುವುದಿಲ್ಲ.)

‘ನಾನು ಸುಳ್ಳು ಬರೆದೆ.’

(ಇದು ನಿಜ. ಆದರೆ ಮೊದಲ ಸಾಲಿನಲ್ಲೇ ಒಪ್ಪಿಕೊಂಡರೆ, ಪಾಪ ಹೆಣ್ಣುಮಗಳು ಎಂದು ನೀವು ಕ್ಷಮಿಸಿಬಿಡುತ್ತೀರಿ. ನನಗೆ ಕ್ಷಮೆ ಬೇಡ. ಪೂರ್ತಿ ಓದಿ.)

ಮೂರನ್ನೂ ಹೊಡೆದು ಹಾಕಿದ್ದೇನೆ. ಕಥೆ ಶುರುವಾಗಿದೆ, ನಿಮಗೆ ಗೊತ್ತಾಗಲಿಲ್ಲ ಅಷ್ಟೇ.

2

ನಾನು ಡೈರಿ ಬರೆಯುತ್ತೇನೆ. ಗೊಬ್ಬರದ ಕಂಪನಿಯವರು ರೈತರಿಗೆ ಪುಕ್ಕಟೆ ಹಂಚಿದ್ದು. ಪ್ರತಿ ಪುಟದ ತಳದಲ್ಲಿ ‘ಇಂದಿನ ಮಳೆ’ ಎಂದು ಅಚ್ಚಾಗಿ ಮುಂದೆ ಖಾಲಿ ಜಾಗವಿದೆ. ಮಳೆಯನ್ನು ನಾನು ಎಲ್ಲಿಂದ ಅಳೆಯಲಿ? ಆ ಜಾಗದಲ್ಲಿ ಆ ದಿನ ಮನೆಯ ಹೊರಗೆ ನಾನು ಆಡಿದ ಮಾತುಗಳನ್ನು ಎಣಿಸಿ ಬರೆಯುತ್ತೇನೆ. ‘ಇಂದಿನ ಮಳೆ: ಹನ್ನೊಂದು.’ ‘ಇಂದಿನ ಮಳೆ: ನಾಲ್ಕು.’ ಬಸ್ಸಿನಲ್ಲಿ ಟಿಕೆಟ್ ಕೇಳದ ದಿನ: ಸೊನ್ನೆ.

ಕಾಲೇಜಿನಲ್ಲಿ ಹಾಜರಿ ಕೂಗುವಾಗ ನನ್ನ ಹೆಸರಿಗೆ ಹಿಂದಿನ ಬೆಂಚಿನವರು ನಗುತ್ತಿದ್ದರು. ಶಾಂತಾ, ಗೀತಾ, ಸುಜಾತಾ, ಆಮೇಲೆ ಉಡಚವ್ವ. ಆ ನಗುವಿಗೆ ಅಂಜಿ ‘ಪ್ರೆಸೆಂಟ್’ ಎನ್ನುವುದನ್ನೇ ಬಿಟ್ಟೆ. ಎದುರಿಗೇ ಕುಳಿತಿದ್ದರೂ ರಿಜಿಸ್ಟರಿನಲ್ಲಿ ನಾನು ಗೈರು. ಕೊನೆಗೆ ಹಾಜರಿ ಸಾಲದೆ ಪ್ರಿನ್ಸಿಪಾಲರಿಗೆ ಅರ್ಜಿ ಬರೆದುಕೊಳ್ಳಬೇಕಾಯಿತು. ಅರ್ಜಿ ಅದ್ಭುತವಾಗಿತ್ತು. ನಾನು ಬರೆಯಬಲ್ಲೆ ಎಂದು ನನಗೆ ಗೊತ್ತಾದದ್ದು ಅವತ್ತು.

ನಮ್ಮ ಮನೆಯಲ್ಲಿ, ನಮ್ಮ ಓಣಿಯಲ್ಲಿ, ನಾನೇ ಮೊದಲ ಪದವೀಧರೆ. ಫಲಿತಾಂಶ ಬಂದ ಮೇಲೆ ತಿಳವಳ್ಳಿಯಿಂದ ದಿನಾ ಬಸ್ಸಿನಲ್ಲಿ ಹಾನಗಲ್ಲಿಗೆ ಹೋಗಿ ಮಧ್ವೇಶ ಪಂಡಿತರ ಔಷಧದಂಗಡಿಯಲ್ಲಿ ಲೇಬಲ್ ಬರೆಯುವ ಕೆಲಸಕ್ಕೆ ಸೇರಿದೆ. ಮಾತಾಡಬೇಕಿಲ್ಲದ ಕೆಲಸ. ಹಿತ್ತಲಲ್ಲಿ ಅಡಿವೆವ್ವ ನಸಗುನ್ನಿ ಬೀಜವನ್ನು ಹಾಲಿನಲ್ಲಿ ಕುದಿಸಿ, ಸಿಪ್ಪೆ ಸುಲಿದು, ಒಣಗಿಸಿ, ಬೀಸುತ್ತಿದ್ದಳು. ಕಾಯಿ ತರುವವಳೂ ಅವಳೇ. ಇಬ್ಬನಿ ಆರುವುದರೊಳಗೆ ಕೀಳಬೇಕು. ತೇವವಿದ್ದಾಗ ರೋಮ ಹಾರುವುದಿಲ್ಲ. ಆದರೂ ಅವಳ ಮೊಳಕೈತನಕ ಸದಾ ಕೆಂಪು ಗಂಧೆ.

3

ಪಂಡಿತರ ಹತ್ತಿರ ಇಂಗ್ಲಿಷ್ ಪತ್ರಿಕೆಯ ಒಂದು ತುಂಡು ಇತ್ತು. ಮಡಿಕೆಯಲ್ಲಿ ಹರಿದು, ಅಂಟು ಹಚ್ಚಿ, ಮತ್ತೆ ಹರಿದದ್ದು.

“ಏನವಾ ಬಿ.ಎಸ್ಸಿ., ಇದನ್ನಷ್ಟು ಬಿಡಿಸಿ ಹೇಳು,” ಎಂದರು. ಅವರು ನನ್ನನ್ನು ಹಾಗೇ ಕರೆಯುತ್ತಿದ್ದರು. ಅದರಲ್ಲಿ ತಮಾಷೆಯೂ ಇತ್ತು, ಗೌರವವೂ ಇತ್ತು. ಪಾಲು ಎಷ್ಟೆಷ್ಟು ಎಂದು ತಿಳಿಯಲಿಲ್ಲ.

ಓದಿದೆ. ಮಿದುಳಿನಲ್ಲಿ ಡೋಪಮೈನ್ ಎಂಬ ರಸವಿದೆ. ಅದು ಕಡಿಮೆಯಾದರೆ ಮುದುಕರಿಗೆ ಕೈ ನಡುಗುವ ರೋಗ ಬರುತ್ತದೆ. ನಸಗುನ್ನಿ ಬೀಜದಲ್ಲಿ ಆ ರಸಕ್ಕೆ ಬೇಕಾದ ದ್ರವ್ಯವಿದೆಯೆಂದು ಡಾಕ್ಟರರು ಪರೀಕ್ಷಿಸುತ್ತಿದ್ದಾರೆ. ಇಷ್ಟೇ.

ಪಂಡಿತರು ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಕೇಳುತ್ತಿದ್ದರು. ಆಗ ನೋಡಿದೆ. ಬಿಟ್ಟರೆ ಆ ಕೈ ತಾನೇ ಗುಳಿಗೆ ಉರುಳಿಸುವಂತೆ ಆಡುತ್ತಿತ್ತು. ದಿನಾ ಬೆಳಿಗ್ಗೆ ತಮ್ಮದೇ ಚೂರ್ಣ ತಿನ್ನುತ್ತಿದ್ದರು. ಮೊದಲಿಗಿಂತ ಕಡಿಮೆಯಾಗಿದೆ ಎನ್ನುತ್ತಿದ್ದರು. ಇರಬಹುದು. ಈ ಕಥೆಯಲ್ಲಿ ಖಳನಾಯಕ ಬೇಕೆನ್ನುವವರು ಬೇರೆ ಕಥೆ ಹುಡುಕಿಕೊಳ್ಳಿ.

“ರಸ ಹೆಚ್ಚಾತಂದ್ರ ಲಕ್ಷ್ಯನೂ ನಿಲ್ತದ, ಹೌದಲ್ಲೋ?”

“ಹಂಗ ಬರದಿಲ್ರಿ,” ಎಂದು ಹೇಳಬೇಕಿತ್ತು. ಎರಡು ಮಾತು. ಡೈರಿಯಲ್ಲಿ ಜಾಗವಿತ್ತು.

ತಲೆಯಾಡಿಸಿದೆ. ಹೌದೆಂದೋ ಅಲ್ಲವೆಂದೋ ನೋಡಿದವರಿಗೆ ಗೊತ್ತಾಗದ ಹಾಗೆ. ಪಂಡಿತರು ಹೌದೆಂದು ತೆಗೆದುಕೊಂಡರು. ‘ಲಕ್ಷ್ಯವರ್ಧಿನಿ ಚೂರ್ಣ’ಕ್ಕೆ ನಾಮಕರಣವಾಯಿತು. ಅಕ್ಟೋಬರ್ ಪರೀಕ್ಷೆಗೆ ಕೂಡುವ ನಪಾಸಾದ ಮಕ್ಕಳೆಲ್ಲ ಗಿರಾಕಿಗಳು.

ಅಡಿವೆವ್ವ ಬಾಗಿಲಿಗೆ ಬಂದು ಸೊಂಟದ ಮೇಲೆ ಕೈ ಇಟ್ಟು ನಿಂತಳು. “ಪಂಡಿತರ, ಇಪ್ಪತ್ತು ವರ್ಷಾತು ನಾ ಇದರ ಹಬಿ ಕುಡ್ಯಾಕತ್ತು. ನಿಮ್ಮ ಮಾತು ಖರೇ ಇದ್ರ ಇಷ್ಟೊತ್ತಿಗೆ ನಾ ತಹಶೀಲ್ದಾರ ಆಗಬೇಕಾಗಿತ್ತಲ್ರಿ.”

“ಹಾಲು ಉಕ್ಕಲಿಕ್ಕೆ ಹತ್ತೇದ, ನೀ ನೋಡು ಹೋಗು,” ಎಂದರು ಪಂಡಿತರು.

3 (ಮತ್ತೊಮ್ಮೆ, ಯಾಕೆಂದರೆ ಮೇಲಿನದರಲ್ಲಿ ತಪ್ಪಿಸಿಕೊಂಡೆ)

ಹ್ಯಾಂಡ್‌ಬಿಲ್ಲಿಗೆ ನಾಲ್ಕು ಪ್ರಶಂಸಾಪತ್ರ ಬೇಕು ಎಂದರು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು: ತಾಲ್ಲೂಕಿಗೊಂದು. ತಮ್ಮ ಕಡೆಯ ಹೆಸರು ಕಂಡರೆ ಜನ ನಂಬುತ್ತಾರೆ. “ನೀನ ಬರಿ. ಹುಡುಗೂರು ಬರದಂಗ ಇರಲಿ.”

ಬರೆದೆ. ಊಟದ ಡಬ್ಬಿ ಬಿಚ್ಚುವುದರೊಳಗೆ ನಾಲ್ಕೂ ಮುಗಿದವು. ಸವಣೂರು ತಾಲ್ಲೂಕಿಗೆ ಯಲವಿಗಿಯ ಇಮಾಮಬಿ. ರೈಲಿನ ಸದ್ದಿಗೆ ಓದಲಾಗುತ್ತಿರಲಿಲ್ಲ, ಈಗ ಗಾಡಿ ಬಂದದ್ದೇ ಗೊತ್ತಾಗುವುದಿಲ್ಲ. ಹಾನಗಲ್ಲಿಗೊಬ್ಬ, ಹಿರೇಕೆರೂರಿಗೊಬ್ಬ. ಶಿಗ್ಗಾಂವಿ ತಾಲ್ಲೂಕಿಗೆ ಇವಳು:

‘ನಾನು ಎಸ್ಸೆಸ್ಸೆಲ್ಸಿಯಲ್ಲಿ ಮೂರು ಸಲ ಅನುತ್ತೀರ್ಣಳಾಗಿದ್ದೆನು. ಪುಸ್ತಕ ಹಿಡಿದರೆ ಮನಸ್ಸು ಕಿಟಕಿಯಾಚೆ ಹೋಗುತ್ತಿತ್ತು. ಲಕ್ಷ್ಯವರ್ಧಿನಿ ಚೂರ್ಣ ಸೇವಿಸಿದ ಮೇಲೆ ಎಪ್ಪತ್ತೊಂದು ಪರ್ಸೆಂಟ್ ಪಡೆದು ಪಾಸಾಗಿದ್ದೇನೆ. — ಗುತ್ತೆವ್ವ, ಹಿರೇಬೆಂಡಿಗೇರಿ.’

ಎಪ್ಪತ್ತೊಂದು ಯಾಕೆ? ಎಪ್ಪತ್ತು ಎಂದರೆ ಸುಳ್ಳು ಎನ್ನಿಸುತ್ತದೆ. ಮೇಲೊಂದು ಸೇರಿಸಿದರೆ ಎಣಿಸಿ ನೋಡಿದ ಹಾಗೆ ಇರುತ್ತದೆ. ಕಥೆ ಬರೆಯುವುದನ್ನು ನನಗೆ ಯಾರೂ ಕಲಿಸಲಿಲ್ಲ. ಆ ಒಂದು ಅಂಕ ಕಲಿಸಿತು. ಅವತ್ತು ಎಷ್ಟು ಸಂತೋಷವಾಗಿತ್ತೆಂದರೆ ಡೈರಿಯಲ್ಲಿ ಪುಟ ಸಾಲಲಿಲ್ಲ. ನಾಲ್ಕು ಜನ ನನ್ನ ಬಾಯಿಂದ ಮಾತಾಡಿದ್ದರು. ಒಬ್ಬರೂ ನಕ್ಕಿರಲಿಲ್ಲ.

4

ಎರಡು ವಾರದ ಮೇಲೆ, ಮಧ್ಯಾಹ್ನ, ಅಂಗಡಿಯ ಮೆಟ್ಟಿಲ ಹತ್ತಿರ ಒಬ್ಬ ಹುಡುಗಿ ನಿಂತಿದ್ದಳು. ಬಸ್ಸಿನ ಧೂಳು ಮೈತುಂಬ. ಕೈಯಲ್ಲಿ ಹ್ಯಾಂಡ್‌ಬಿಲ್ಲು.

“ಇದನ್ನ ಬರದಾಕಿ ನೀವ ಏನ್ರಿ ಅಕ್ಕಾರ?”

ಅಡಿವೆವ್ವ ಹಿತ್ತಲಿನಿಂದಲೇ ನನ್ನ ಕಡೆ ಬೆರಳು ಮಾಡಿಬಿಟ್ಟಳು.

“ನಾ ಹಿರೇಬೆಂಡಿಗೇರಿ ಗುತ್ತೆವ್ವ,” ಎಂದಳು ಆ ಹುಡುಗಿ. “ಮೂರು ಸಲ ನಪಾಸಾಗೇನಿ. ಅದೊಂದ ಖರೇ ಬರದೀರಿ. ಉಳದದ್ದು ಯಾರದು?”

(ಲೇಖಕರು ತಮ್ಮ ಪಾತ್ರಗಳು ಎದ್ದು ಬಂದು ಜಗಳ ಮಾಡುತ್ತವೆ ಎಂದು ಬರೆದುಕೊಳ್ಳುತ್ತಾರೆ. ಅವರ ಪಾತ್ರಗಳಿಗೆ ಬಸ್ ಚಾರ್ಜು ಕೊಡಬೇಕಾಗಿರಲಿಲ್ಲ.)

ಅವಳು ಹ್ಯಾಂಡ್‌ಬಿಲ್ಲಿನ ಎರಡನೆಯ ಸಾಲಿನ ಮೇಲೆ ಬೆರಳಿಟ್ಟಳು.

“ಆ ಕಿಟಕಿ ಯಾರದ್ರಿ? ನಮ್ಮ ಸಾಲ್ಯಾಗ ನಾ ಕುಂಡ್ರೂ ಕಡೆ ಕಿಟಕಿನ ಇಲ್ಲ. ಗ್ವಾಡಿ ಐತಿ.”

ಕಿಟಕಿ ನನ್ನದಾಗಿತ್ತು. ಡೈರಿಯಿಂದ ಎತ್ತಿದ್ದು.

ಆಮೇಲೆ ಅವಳು ಹೇಳಿದ್ದಿಷ್ಟು. ಅವಳ ಅಪ್ಪ ಮಲ್ಲೇಶಪ್ಪನಿಗೆ ಓದು ಬಾರದು. ಚಹಾದಂಗಡಿಯಲ್ಲಿ ಯಾರೋ ಹ್ಯಾಂಡ್‌ಬಿಲ್ಲು ಓದಿ, “ನಿನ್ನ ಮಗಳು ಪಾಸಾಗ್ಯಾಳಲ್ಲೋ, ಎಪ್ಪತ್ತೊಂದು!” ಎಂದರು. ಊರಲ್ಲಿ ಹನ್ನೊಂದು ಜನ ಗುತ್ತೆವ್ವ ಇದ್ದಾರೆ. ಆದರೆ ಮೂರು ಸಲ ನಪಾಸಾದವಳು ಇವಳೊಬ್ಬಳೇ. ಅಪ್ಪ ಅಂಗಡಿಗೆ ಹೋಗಿ ಸಕ್ಕರೆ ತಂದ. ಮನೆಮನೆಗೆ ಹಂಚಿದ.

“ಅಪ್ಪಾ, ನಾ ನಪಾಸಾಗೇನಿ, ಬೋರ್ಡಿನ ಮ್ಯಾಲ ಹಚ್ಚಿದ್ರಲ್ಲಾ ಅಂದೆ. ಏನಂದ ಗೊತ್ತೇನ್ರಿ? ‘ಬೋರ್ಡಿನ ಮ್ಯಾಲ ಸುಣ್ಣದ ಕಡ್ಡೀಲೆ ಬರದಿದ್ರು. ಕೈ ಆಡಿಸಿದ್ರ ಹೋಗತೈತಿ. ಇದು ಅಚ್ಚಾಗೈತಿ. ಅಳಿಸು ನೋಡೂಣು,’ ಅಂದ.”

ಅಚ್ಚಾದದ್ದು ಸುಣ್ಣದ ಬರಹಕ್ಕಿಂತ ಖರೆ. ಚೂರ್ಣವನ್ನು ಮಗಳು ಕದ್ದು ತಿಂದಿದ್ದಾಳೆ, ಹೇಳಲು ನಾಚುತ್ತಿದ್ದಾಳೆ ಎಂದುಕೊಂಡ. ಇನ್ನೂ ಚೆನ್ನಾಗಿ ಓದಲಿ ಎಂದು ಎರಡು ಡಬ್ಬಿ ತಂದು, ದಿನಾ ಬೆಳಿಗ್ಗೆ ಎದುರಿಗೆ ಕೂಡಿಸಿಕೊಂಡು ಒಂದೊಂದು ಚಮಚ ತಿನ್ನಿಸುತ್ತಿದ್ದ. ತಿಂದರೆ ವಾಂತಿ, ಎದೆ ಬಡಬಡ ಹೊಡೆದುಕೊಳ್ಳುವುದು.

“ಶನಿವಾರ ಟಿ.ಸಿ.ಎಚ್. ಮಾಸ್ತರಕಿ ಟ್ರೇನಿಂಗಿಗೆ ಅರ್ಜಿ ಕೊಡೂ ಕಡೇ ದಿನ. ಅಪ್ಪ ಧೋತರ ಒಗಸಿ ಇಟ್ಟಾನು. ಅಲ್ಲಿ ಹೋಗಿ ಮಾರ್ಕ್ಸ್ ಕಾರ್ಡ್ ಕೊಡ್ರಿ ಅಂದ್ರ ಇದನ್ನ ತಗದು ಕೊಡ್ತಾನು. ಎಲ್ಲಾರೂ ನಗ್ತಾರು. ನನ್ನ ನೋಡಿ ಅಲ್ಲ, ನಮ್ಮಪ್ಪನ್ನ ನೋಡಿ.” ಹ್ಯಾಂಡ್‌ಬಿಲ್ಲನ್ನು ನನ್ನ ಲೇಬಲ್ಲುಗಳ ಮೇಲೆ ಇಟ್ಟಳು. “ಬರದಾಕಿ ನೀವು. ಬಂದು ಹೇಳ್ರಿ.”

ಅವತ್ತು ಬುಧವಾರ.

5

(ಈ ಭಾಗದಲ್ಲಿ ನಾನು ಅತ್ತಿದ್ದೆ. ಹರಿದು ಹಾಕಿದ್ದೇನೆ. ಮುಂದಕ್ಕೆ ನಡೆಯಿರಿ.)

6

ಇಲ್ಲಿ ಗುತ್ತೆವ್ವನನ್ನು ಮೆಟ್ಟಿಲ ಮೇಲೆ ಕೂಡಿಸಿ, ನಾನು ಡೈರಿ ತೆಗೆದು ಈ ಕಥೆಗೆ ಅಂತ್ಯಗಳನ್ನು ಬರೆಯತೊಡಗಿದೆ ಎಂದರೆ ನಂಬುತ್ತೀರಾ? ನಂಬಿ. ಎದ್ದು ಹೋಗುವುದಕ್ಕಿಂತ ಬರೆಯುವುದು ಸುಲಭ. ಅವಳು ಒಂದೊಂದನ್ನೇ ಓದಿಸಿಕೊಂಡಳು.

ಮುಕ್ತಾಯ ಒಂದು: ಗುತ್ತೆವ್ವ ಅಕ್ಟೋಬರಿನಲ್ಲಿ ಪಟ್ಟುಹಿಡಿದು ಓದಿ, ಎಪ್ಪತ್ತೊಂದೇ ಪರ್ಸೆಂಟ್ ಪಡೆದು, ಸುಳ್ಳನ್ನು ನಿಜ ಮಾಡುತ್ತಾಳೆ.

“ನಿಮ್ಮ ಸುಳ್ಳಿನ ಸಾಲ ನಾ ಯಾಕ ತೀರಸಲಿ?” ಎಂದಳು.

ಮುಕ್ತಾಯ ಎರಡು: ನಾನು ನಸಗುನ್ನಿ ರೋಮವನ್ನು ಪಂಡಿತರ ಗಾದಿಯ ಮೇಲೆ ಉದುರಿಸುತ್ತೇನೆ. ಇಡೀ ಹಾನಗಲ್ಲ ನಗುತ್ತದೆ.

“ಅದು ಬಾಳ ಚಲೋ ಐತಿ,” ಎಂದಳು ಅಡಿವೆವ್ವ ಹಿತ್ತಲಿನಿಂದ.

“ಅಪ್ಪ ಆವಾಗೂ ಧೋತರ ಉಟಗೊಂಡು ಶನಿವಾರ ಹೋಗ್ತಾನ್ರಿ,” ಎಂದಳು ಗುತ್ತೆವ್ವ.

ಮುಕ್ತಾಯ ಮೂರು: ಗುತ್ತೆವ್ವನಿಗೆ ಲಕ್ಷ್ಯವಿಲ್ಲದಿದ್ದರೂ ಬೇರೊಂದು ಅಪರೂಪದ ಗುಣವಿದೆ ಎಂದು ಊರಿಗೆ ತಿಳಿಯುತ್ತದೆ. (ಅವಳು ಮೆಣಸಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಬೀಜದ ಸದ್ದಿನಿಂದಲೇ ಇನ್ನೆಷ್ಟು ದಿನ ಒಣಗಬೇಕೆಂದು ಹೇಳುತ್ತಾಳೆ. ಇದು ಖರೆ.)

“ಅದನ್ನ ಎಲ್ಲಾರೂ ಹೇಳ್ತಾರ್ರಿ ನಮ್ಮೂರಾಗ. ನನಗ ಲಕ್ಷ್ಯ ಇಲ್ಲ ಅಂತ ಯಾರಂದ್ರು ನಿಮಗ? ಗಣಿತ ಬರೂದಿಲ್ಲ, ಅಷ್ಟ. ಕಲಸೂರು ವರ್ಷದಾಗ ಎರಡು ತಿಂಗಳ ಬಂದಿದ್ರು. ಅವರಿಗೆ ತಿನ್ನಸ್ರಿ ಒಂದು ಚಮಚ.”

ಡೈರಿ ಮುಚ್ಚಿದೆ. ಪದವಿಯ ಮೂರು ವರ್ಷದಲ್ಲಿ ಯಾರೂ ನನಗೆ ಹೇಳದ್ದನ್ನು ಅವಳು ಹೇಳಿದ್ದಳು. ಕಿಟಕಿಯಾಚೆ ನೋಡುವುದು ರೋಗವಲ್ಲ. ನೋಡಿದವರಿಗೆಲ್ಲ ಔಷಧ ಬರೆದುಕೊಡುವವರಿದ್ದಾರೆ; ನಾನು ಅವರ ಗುಮಾಸ್ತೆಯಾಗಿದ್ದೆ.

7

ಪಂಡಿತರು ಊಟ ಮುಗಿಸಿ ಬಂದರು. ಅವರೆದುರು ನಿಂತೆ. ಕಾಲು ನಡುಗಿತು, ಅವರ ಕೈ ನಡುಗಿತು. ಇಬ್ಬರಲ್ಲಿ ಡೋಪಮೈನ್ ಯಾರಿಗೆ ಕಡಿಮೆ ಎಂದು ಹೇಳುವ ಹಾಗಿರಲಿಲ್ಲ.

“ಆ ಕಾಗದದಾಗ ಸಾಲಿ ಪರೀಕ್ಷಾದ ಸುದ್ದಿನ ಇಲ್ರಿ,” ಎಂದೆ. “ಕೈ ನಡಗೂದು ಅಷ್ಟ ಐತ್ರಿ. ಲಕ್ಷ್ಯ ಅಂತ ಎಲ್ಲೂ ಬರದಿಲ್ರಿ.”

ಪಂಡಿತರು ಆ ಪತ್ರಿಕೆಯ ತುಂಡನ್ನು ತೆಗೆದು ಮಡಿಕೆ ಬಿಚ್ಚಿದರು. “ಅವತ್ತ ಯಾಕ ಹೇಳಲಿಲ್ಲ?”

“ತಲಿ ಅಲ್ಲಾಡಿಸಿದ್ದೆ.”

“ಅದು ಹೌದನ್ನೂ ಹಂಗ ಇತ್ತಲ್ಲವಾ.”

“ಹೌದ್ರಿ. ಅದಕ್ಕ ಈಗ ಬಾಯಲೆ ಹೇಳಾಕತ್ತೇನಿ.”

“ಔಷಧಕ್ಕ ಅರ್ಧ ಬಲ ನಂಬಿಕಿದು. ಅದನ್ನ ಕೆಡಸಬ್ಯಾಡ,” ಎಂದರು. ಗದರಲಿಲ್ಲ, ಬೇಡಿಕೊಂಡ ಹಾಗಿತ್ತು. ಅದನ್ನು ಕೇಳಿಸಿಕೊಂಡೂ ಚೀಲ ಹೆಗಲಿಗೆ ಹಾಕಿದೆ. ಕೆಲಸ ಹೋಯಿತೋ ನಾನೇ ಬಿಟ್ಟೆನೋ, ಇವತ್ತಿನವರೆಗೆ ಇಬ್ಬರೂ ಹೇಳಿಲ್ಲ.

8

ಗುತ್ತೆವ್ವನ ಜೊತೆ ಶಿಗ್ಗಾಂವಿಯಲ್ಲಿ ಬಸ್ಸು ಬದಲಿಸಿ ಹಿರೇಬೆಂಡಿಗೇರಿ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಮಲ್ಲೇಶಪ್ಪ ಕಟ್ಟೆಯ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದ. ಓದಿದ ಹೆಣ್ಣುಮಗಳು ಬಂದಿದ್ದಾಳೆಂದು ಎದ್ದು ಕಂಬಳಿ ಹಾಸಿದ.

“ಕುಂದರ್ರಿ ಅಕ್ಕಾರ. ಚಹಾ ಮಾಡಸ್ತೇನಿ. ನಮ್ಮ ಹುಡುಗಿದು ಗೊತ್ತಾತಿಲ್ರಿ? ಎಪ್ಪತ್ತೊಂದು!”

ಬಾಯಿಂದ ಹೇಳಲು ಹೋದರೆ ದನಿ ನಿಲ್ಲಲಿಲ್ಲ. ಡೈರಿಯಲ್ಲಿ ಬಸ್ಸಿನಲ್ಲೇ ಬರೆದುಕೊಂಡಿದ್ದೆ. ಓದಿದೆ. ಆ ಪತ್ರ ನಿಮ್ಮ ಮಗಳು ಬರೆದದ್ದಲ್ಲ, ನಾನು ಬರೆದದ್ದು, ಎಪ್ಪತ್ತೊಂದು ಸುಳ್ಳು, ಚೂರ್ಣ ನಿಲ್ಲಿಸಿ. ಅಕ್ಕಪಕ್ಕದ ಮನೆಯವರು ಬಾಗಿಲಿಗೆ ಬಂದು ನಿಂತರು. ಸಕ್ಕರೆ ತಿಂದವರು.

ಮಲ್ಲೇಶಪ್ಪ ಕೊನೆತನಕ ಕೇಳಿದ. ಆಮೇಲೆ ಕೈ ಚಾಚಿ ಡೈರಿ ತೆಗೆದುಕೊಂಡು ಪುಟದ ಮೇಲೆ ಹೆಬ್ಬೆರಳು ಎಳೆದ. ಬಸ್ಸಿನಲ್ಲಿ ಬರೆದ ಶಾಯಿ, ಸ್ವಲ್ಪ ಕದಡಿತು.

“ಇದು ಅಚ್ಚಾಗೇತೇನ್ರಿ?”

“ಇಲ್ರಿ. ಕೈಲೆ ಬರದದ್ದು.”

“ಹಂಗಾರ ಇದು ಖರೇ ಹೆಂಗಾತ್ರಿ?” ಎಂದು ಹೆಬ್ಬೆರಳು ತೋರಿಸಿದ. ನಕ್ಕ. ದೊಡ್ಡವರ ಮುಂದೆ ಸಂಕೋಚಪಟ್ಟು ತಿದ್ದುವವರು ನಗುವ ಹಾಗೆ.

ಗುತ್ತೆವ್ವ ನನ್ನನ್ನು ನೋಡಿದಳು. ‘ಹೇಳಿದ್ದೆನಲ್ಲ’ ಎಂಬ ನೋಟ.

(ಓದುಗರೇ, ನೀವೂ ನಗುತ್ತಿದ್ದೀರಿ. ಅವನಿಗೂ ನಿಮಗೂ ಏನು ವ್ಯತ್ಯಾಸ? ಇದನ್ನು ನೀವು ನನ್ನ ಡೈರಿಯಲ್ಲಿ ಓದಿದ್ದರೆ ಕಥೆ ಎನ್ನುತ್ತಿದ್ದಿರಾ?)

9

ಗುರುವಾರ ಬೆಳಿಗ್ಗೆ, ಹ್ಯಾಂಡ್‌ಬಿಲ್ಲು ಅಚ್ಚಾದ ಹಾನಗಲ್ಲಿನ ಅದೇ ಪ್ರೆಸ್ಸಿಗೆ ಹೋದೆ. ಅಚ್ಚಿನ ಮೊಳೆ ಜೋಡಿಸುವ ಹಾಜರಾಬಿ ನನ್ನ ಬರಹ ಓದಿ, ಕನ್ನಡಕ ಹಣೆಯ ಮೇಲೆ ಏರಿಸಿದಳು.

“ಹೋದ ಸಲ ಎಪ್ಪತ್ತೊಂದು ಜೋಡಿಸಿದಾಕಿ ನಾನ. ಈ ಸಲ ಸುಳ್ಳು ಅಂತ ಜೋಡಸಬೇಕೇನು? ಕೆಳಗ ಯಾರ ಹೆಸರು ಹಾಕಲಿ?”

ಹೆಸರಿನ ಜಾಗವನ್ನು ಖಾಲಿ ಬಿಟ್ಟಿದ್ದೆ. ‘ಒಬ್ಬ ಹಿತೈಷಿ’ ಎಂದು ಹಾಕಬಹುದು. ‘ಪದವೀಧರೆ’ ಎನ್ನಬಹುದು. ಹಿಂದಿನ ಬೆಂಚಿನವರು ಹಾನಗಲ್ಲಿನಲ್ಲೇ ಇದ್ದಾರೆ, ಓದುತ್ತಾರೆ, ನಗುತ್ತಾರೆ.

“ಉಡಚವ್ವ,” ಎಂದೆ. “ತಿಳವಳ್ಳಿ. ಬಿ.ಎಸ್ಸಿ.”

“ದೊಡ್ಡ ಮೊಳಿ ಹಾಕಲೋ ಸಣ್ಣದೋ?”

“ನಿಮ್ಮ ಹಂತ್ಯಾಕ ಇರೂದ್ರಾಗ ದೊಡ್ಡದು.”

‘ಪ್ರೆಸೆಂಟ್’ ಎಂದು ಹೇಳಿದ್ದು ಅಲ್ಲಿ.

10

ಶುಕ್ರವಾರ ಅದೇ ಕಟ್ಟೆ, ಅದೇ ಕಂಬಳಿ. ಈ ಸಲ ಅಚ್ಚಾದದ್ದನ್ನು ಓದಿದೆ. ‘ಲಕ್ಷ್ಯವರ್ಧಿನಿ ಚೂರ್ಣದ ನಾಲ್ಕು ಪ್ರಶಂಸಾಪತ್ರಗಳನ್ನೂ ಬರೆದವಳು ನಾನು. ಆ ನಾಲ್ವರನ್ನು ನಾನು ಕಂಡಿಲ್ಲ. ಅವರ ಅಂಕಗಳು ನನ್ನ ಕಲ್ಪನೆ. ಯಾರಿಗಾದರೂ ಲಕ್ಷ್ಯವಿಲ್ಲವೆಂದು ಯಾರಾದರೂ ಹೇಳಿದರೆ, ಮೊದಲು ಹೇಳಿದವರನ್ನು ನೋಡಿರಿ.’ ಕೊನೆಯ ವಾಕ್ಯ ಬೇಕಾಗಿರಲಿಲ್ಲ. ಇರಲಿ ಎಂದು ಹಾಕಿಸಿದ್ದೆ.

ಮಲ್ಲೇಶಪ್ಪ ಪೆಟ್ಟಿಗೆಯಿಂದ ಹಳೆಯ ಹ್ಯಾಂಡ್‌ಬಿಲ್ಲು ತಂದ. ಎರಡನ್ನೂ ತೊಡೆಯ ಮೇಲೆ ಹಾಸಿದ. ಒಂದರ ಮೇಲೆ ಹೆಬ್ಬೆರಳು ಎಳೆದ. ಇನ್ನೊಂದರ ಮೇಲೂ ಎಳೆದ. ಎರಡೂ ಅಳಿಯಲಿಲ್ಲ.

ಬಾಗಿಲಲ್ಲಿ ನಿಂತಿದ್ದವರಲ್ಲಿ ಒಬ್ಬಳು, ಫಕ್ಕೀರವ್ವ, “ಮತ್ತ ನಾವು ತಿಂದ ಸಕ್ಕರಿ?” ಎಂದಳು.

“ತಿಂದಿ, ಕರಗಿತು. ಈಗೇನು ಹೊಳ್ಳಿ ಉಗಳ್ತಿಯೇನು?” ಎಂದಳು ಗುತ್ತೆವ್ವ.

ಯಾರೂ ನಗಲಿಲ್ಲ. ಮಲ್ಲೇಶಪ್ಪನ ಹೆಬ್ಬೆರಳು ಎರಡು ಕಾಗದಗಳ ನಡುವೆ ನಿಂತುಬಿಟ್ಟಿತ್ತು. ಒಂದು ಅಚ್ಚು ಹೌದೆನ್ನುತ್ತದೆ, ಇನ್ನೊಂದು ಅಚ್ಚು ಅಲ್ಲವೆನ್ನುತ್ತದೆ. ಇಂಥ ಸಂಕಟ ಅವನಿಗೆ ಹಿಂದೆಂದೂ ಬಂದಿರಲಿಲ್ಲ. ಕೊನೆಗೆ ಎರಡನ್ನೂ ಬಿಟ್ಟು ತಲೆಯೆತ್ತಿದ. ನನ್ನ ಕಡೆಗಲ್ಲ.

“ಎರಡೂ ಅಚ್ಚಾಗ್ಯಾವು. ನೀನ ಹೇಳವಾ ಗುತ್ತೆವ್ವ.”

ಅವಳು ಬೇಗ ಹೇಳಲಿಲ್ಲ. ಈ ಕ್ಷಣ ಇಷ್ಟು ಬೇಗ ಮುಗಿಯುವುದು ಅವಳಿಗೆ ಬೇಕಿರಲಿಲ್ಲವೇನೋ. (ಇದು ನನ್ನ ಊಹೆ. ಹೊಡೆದು ಹಾಕಬಹುದು.)

“ನಪಾಸಾಗೇನಿ ಅಪ್ಪಾ,” ಎಂದಳು. “ಮೂರು ಸಲಾನೂ. ಅದನ್ನ ತಿಂದ್ರ ವಾಂತಿ ಆಗತೈತಿ. ನಾಳಿಂದ ತಿನ್ನೂದಿಲ್ಲ.”

ಮಲ್ಲೇಶಪ್ಪ ಒಳಗೆ ಹೋದ. ಡಬ್ಬಿಗಳನ್ನು ತಂದು ನನ್ನ ಮುಂದಿಟ್ಟ. “ತಗೊಂಡು ಹೋಗ್ರಿ ಅಕ್ಕಾರ,” ಎಂದ. ನನ್ನ ಮುಖ ನೋಡಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಒಗೆದ ಧೋತರ ಗಳದ ಮೇಲೆ ಮಡಿಕೆಯಲ್ಲೇ ಇತ್ತು. ಶನಿವಾರ ಅದನ್ನು ಅವನು ಉಡಲಿಲ್ಲ.

ಡೈರಿ, ಶುಕ್ರವಾರ. ಇಂದಿನ ಮಳೆ: ಎಣಿಸುವುದನ್ನು ಬಿಟ್ಟಿದ್ದೇನೆ.

11

ಈಗ ನಿಮಗೊಂದು ಬೇಕು. ನನಗೆ ಗೊತ್ತು. ಅಕ್ಟೋಬರಿನಲ್ಲಿ ಗುತ್ತೆವ್ವ ಮತ್ತೆ ಕುಳಿತಳೇ? ಪಾಸಾದಳೇ? ಎಷ್ಟು ಬಂತು?

ಇದು 1985. ಉತ್ತರ ನನಗೆ ಗೊತ್ತಿದೆ. ಅವಳೇ ಪತ್ರ ಬರೆದಿದ್ದಾಳೆ. ನಾನು ಕಥೆ ಬರೆಯುತ್ತಿದ್ದೇನೆ ಎಂದು ತಿಳಿಸಿದ್ದಕ್ಕೆ ಕೊನೆಗೊಂದು ಸಾಲು ಸೇರಿಸಿದ್ದಾಳೆ: “ಬರೀರಿ, ಬ್ಯಾಡ ಅನ್ನೂದಿಲ್ಲ. ನಂಬರ ಹಾಕೀರಿ ಅಂದ್ರ ಮತ್ತ ಬಸ್ ಹತ್ತಿ ಬರ್ತೇನಿ.”

ಅವಳು ಪಾಸಾದಳೆಂದು ಬರೆದರೆ ನೀವು ಅವಳನ್ನು ಮೆಚ್ಚುತ್ತೀರಿ. ನಪಾಸಾದಳೆಂದು ಬರೆದರೆ ಮರುಗುತ್ತೀರಿ. ಎರಡಕ್ಕೂ ಅವಳು ನಿಮ್ಮ ಅಪ್ಪಣೆ ಕೇಳಿಲ್ಲ. ಅವಳಿಗೆ ಒಮ್ಮೆ ನಾನು ಅಂಕ ಕೊಟ್ಟಿದ್ದೆ. ಇನ್ನೊಮ್ಮೆ ಕೊಡುವುದಿಲ್ಲ. ಕಥೆ ಅರ್ಧಕ್ಕೆ ನಿಂತಿತು ಎನ್ನಿ. ಲೇಖಕಿಗೆ ಲಕ್ಷ್ಯವಿಲ್ಲ ಎನ್ನಿ. ಒಂದು ಚಮಚ ಕಳಿಸಿಕೊಡಿ. ಆ ಎರಡು ಡಬ್ಬಿಗಳ ಪಕ್ಕಕ್ಕೆ ಇಡುತ್ತೇನೆ, ಇನ್ನೂ ಅಟ್ಟದ ಮೇಲಿವೆ.

ಮತ್ತೊಂದು ಮಾತು. ಇದೂ ಅಚ್ಚಾಗಿ ನಿಮ್ಮ ಕೈಗೆ ಬಂದಿದೆ. ಹೆಬ್ಬೆರಳು ಎಳೆದು ನೋಡಿ, ಅಳಿಯುವುದಿಲ್ಲ. ಅಷ್ಟಕ್ಕೇ ನಂಬಬೇಡಿ. ಶಿಗ್ಗಾಂವಿಯಲ್ಲಿ ಬಸ್ಸು ಬದಲಿಸಿದರೆ ಹಿರೇಬೆಂಡಿಗೇರಿ. ಅಲ್ಲಿ ಹನ್ನೊಂದು ಜನ ಗುತ್ತೆವ್ವ ಇದ್ದಾರೆ. ಹೋಗಿ ಕೇಳಿ. ಹೇಳುವುದೋ ಬಿಡುವುದೋ, ಅದು ಅವಳಿಗೆ ಬಿಟ್ಟದ್ದು.